ಫಜರ್‌ನ ಸಾಲಿನಿಂದ ಕಾಣೆಯಾದವನು ಪಾಪಿಯೇ?

ಮಸೀದಿಯ ಮೊದಲ ಸಾಲಿನಲ್ಲಿ, ಒಂದೇ ಕಂಬದ ಪಕ್ಕದಲ್ಲಿ ವರ್ಷಗಳಿಂದ ನಿಲ್ಲುತ್ತಿದ್ದ ವ್ಯಕ್ತಿಯೊಬ್ಬರು ಒಂದು ದಿನ ಫಜರ್ ನಮಾಝ್‌ಗೆ ಬರುವುದಿಲ್ಲ. ಮರುದಿನವೂ ಬರುವುದಿಲ್ಲ. ಎರಡನೆಯ ವಾರದಲ್ಲಿ ಅವರು ಝುಹರ್‌ಗೂ ಕಾಣಿಸುವುದಿಲ್ಲ. ಒಂಬತ್ತಕ್ಕೆ ತೆರೆಯುತ್ತಿದ್ದ ಅಂಗಡಿಯ ಬಾಗಿಲು ಹನ್ನೊಂದಕ್ಕೆ ತೆರೆಯುತ್ತದೆ, ಕೆಲವು ದಿನಗಳ ಬಳಿಕ ತೆರೆಯುವುದೇ ಇಲ್ಲ. ಇದನ್ನು ಗಮನಿಸದವರು ಆ ಮೊಹಲ್ಲಾದಲ್ಲಿ ಒಬ್ಬರೂ ಇರಲಾರರು. ಚಹಾದಂಗಡಿಯವನಿಗೆ ಗೊತ್ತಿರುತ್ತದೆ. ಮುಅಝ್ಝಿನ್‌ಗೆ ಗೊತ್ತಿರುತ್ತದೆ. ಹಾಲು ಹಾಕುವ ಹುಡುಗನಿಗೂ ಗೊತ್ತಿರುತ್ತದೆ. ಆದರೆ ಗಮನಿಸಿದ ಬಳಿಕ ನಾವು ಮಾಡುವುದೇನು? ತೀರ್ಪು ನೀಡುತ್ತೇವೆ. ವಿಶ್ವಾಸ ದುರ್ಬಲವಾಯಿತು ಎನ್ನುತ್ತೇವೆ. ಸೋಮಾರಿತನ ಎನ್ನುತ್ತೇವೆ. ರಾತ್ರಿಯಿಡೀ ಮೊಬೈಲ್ ನೋಡಿ ಹಗಲು ಮಲಗುತ್ತಾನೆ ಎನ್ನುತ್ತೇವೆ. ಬಾಗಿಲು ತಟ್ಟಿ, ಹೇಗಿದ್ದೀರಿ ಎಂದು ಕೇಳುವುದನ್ನು ಮಾತ್ರ ಮಾಡುವುದಿಲ್ಲ.

ಇದಕ್ಕಿಂತಲೂ ವಿಷಾದನೀಯವಾದ ಇನ್ನೊಂದು ಪ್ರಕರಣವಿದೆ. ಅಝಾನ್‌ಗಿಂತ ಒಂದೂವರೆ ತಾಸು ಮೊದಲೇ ಬಂದು, ಮಸೀದಿಯ ಮೆಟ್ಟಿಲಲ್ಲಿ ಬೀಗ ತೆರೆಯುವುದನ್ನೇ ಕಾಯುತ್ತಾ ಕುಳಿತಿರುವ ವ್ಯಕ್ತಿ. ಅವರನ್ನು ನಾವು ಹಾಡಿ ಹೊಗಳುತ್ತೇವೆ, ಇತರರಿಗೆ ಮಾದರಿಯೆಂದು ತೋರಿಸುತ್ತೇವೆ. ಅವರು ಆರಾಧನೆಗೆಂದೇ ಎದ್ದು ಬಂದಿರಬಹುದು. ಅಂಥವರ ಸಂಖ್ಯೆ ಹೆಚ್ಚಲಿ. ಆದರೆ ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟ ಬಳಿಕ ಮತ್ತೆ ನಿದ್ದೆ ಹತ್ತದೆ, ನಾಲ್ಕು ಗೋಡೆಗಳ ನಡುವೆ ಉಸಿರು ಕಟ್ಟಿದಂತಾಗಿ, ಬೇರೆಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲಿಗೆ ಬಂದಿದ್ದರೆ? ತಿಂಗಳಿನಿಂದ ಹೀಗೆಯೇ ನಡೆಯುತ್ತಿದ್ದರೆ? ಆಗ ನಮ್ಮ ಹೊಗಳಿಕೆಯೇ ಅವರ ಬಾಯಿಗೆ ಹಾಕಿದ ಬೀಗವಾಗುತ್ತದೆ. ಧರ್ಮನಿಷ್ಠನೆಂದು ಎಲ್ಲರೂ ಕರೆಯುತ್ತಿರುವಾಗ, ನನಗೆ ನಿದ್ದೆ ಬರುತ್ತಿಲ್ಲ, ಬದುಕು ಬೇಡವೆನಿಸುತ್ತಿದೆ ಎಂದು ಅವರು ಯಾರಲ್ಲಿ ಹೇಳಿಕೊಳ್ಳಬೇಕು?

ಖಿನ್ನತೆಯೆಂದರೆ ಅಳು, ನಿಟ್ಟುಸಿರು, ಕತ್ತಲೆ ಕೋಣೆ ಎಂದಷ್ಟೇ ನಾವು ತಿಳಿದಿದ್ದೇವೆ. ಸಿನೆಮಾದವರು ಕಲಿಸಿದ ಪಾಠವಿರಬೇಕು. ವೈದ್ಯರು ಹೇಳುವುದು ಬೇರೆ. ಅನೇಕರಲ್ಲಿ ಈ ರೋಗವು ದುಃಖದ ಮಾತಾಗಿ ಹೊರಬರುವುದಕ್ಕಿಂತ ಮೊದಲೇ ನಿದ್ದೆಯಲ್ಲಿ ಮತ್ತು ನಡಿಗೆಯಲ್ಲಿ ತನ್ನ ಗುರುತನ್ನು ಬಿಡುತ್ತದೆ. ಮಾಮೂಲಿಗಿಂತ ಎರಡು ತಾಸು ಅಥವಾ ಅದಕ್ಕೂ ಮೊದಲೇ ಎಚ್ಚರವಾಗಿ ಪುನಃ ನಿದ್ದೆ ಬಾರದಿರುವುದು ಗಂಭೀರ ಖಿನ್ನತೆಯ ಲಕ್ಷಣವೆಂದು ವೈದ್ಯಶಾಸ್ತ್ರದ ಗ್ರಂಥಗಳೇ ಗುರುತಿಸಿವೆ. ಬೆಳಿಗ್ಗೆ ಎದೆಯ ಮೇಲೆ ಬಂಡೆಯಿಟ್ಟಂತಹ ಭಾರ, ಸಂಜೆಯಾಗುತ್ತಲೇ ತುಸು ಹಗುರ - ಇದೂ ಅದರದೇ ಗುರುತು. ಕೆಲವರ ಕಾಲು ನಿಧಾನವಾಗುತ್ತದೆ, ಮಾತು ನಿಧಾನವಾಗುತ್ತದೆ, ಲೋಟ ಎತ್ತಿಡುವುದಕ್ಕೂ ಹೊತ್ತು ಹಿಡಿಯುತ್ತದೆ. ಇನ್ನು ಕೆಲವರು ಇದಕ್ಕೆ ತದ್ವಿರುದ್ಧ. ಅವರಿಗೆ ಕುಳಿತಲ್ಲಿ ಕೂರಲಾಗುವುದಿಲ್ಲ, ಕೈ ಹಿಸುಕುತ್ತಾ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಾರೆ. ಯುವಕರಲ್ಲಿ ಹಲವರು ಹತ್ತು ಹನ್ನೆರಡು ತಾಸು ಮಲಗಿಯೂ ದಣಿದೇ ಏಳುತ್ತಾರೆ. ಅಂತಹ ಮಗನನ್ನು ಎಬ್ಬಿಸಲು ತಂದೆ ನೀರೆರಚುತ್ತಾರೆ, ಬೈಯುತ್ತಾರೆ, ನೆರೆಮನೆಯ ಹುಡುಗನೊಂದಿಗೆ ಹೋಲಿಸುತ್ತಾರೆ. ಅವನು ಏಳಲಾರದವನೋ ಏಳಲೊಲ್ಲದವನೋ ಎಂದು ಯೋಚಿಸುವ ತಾಳ್ಮೆ ಯಾರಿಗಿದೆ?

ನಿದ್ದೆ ಕೆಡುವುದು ಖಿನ್ನತೆಯ ಪರಿಣಾಮ ಮಾತ್ರವೆಂದು ಒಂದು ಕಾಲದಲ್ಲಿ ನಂಬಲಾಗಿತ್ತು. 1989ರಲ್ಲಿ ಅಮೆರಿಕದ ಫೋರ್ಡ್ ಮತ್ತು ಕ್ಯಾಮರೋ ಎಂಬ ಸಂಶೋಧಕರು ಸುಮಾರು 8 ಸಾವಿರ ಮಂದಿಯನ್ನು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಸಂದರ್ಶಿಸಿದ ಅಧ್ಯಯನವನ್ನು ಪ್ರಕಟಿಸಿದರು. ಎರಡೂ ಬಾರಿ ನಿದ್ರಾಹೀನತೆಯ ದೂರು ಹೇಳಿದವರಲ್ಲಿ ಹೊಸದಾಗಿ ಖಿನ್ನತೆ ಕಾಣಿಸಿಕೊಳ್ಳುವ ಸಂಭವವು ಉಳಿದವರಿಗಿಂತ ಬಹಳ ಹೆಚ್ಚಿತ್ತು. ಅಂದರೆ ನಿದ್ದೆ ಕೆಟ್ಟದ್ದು ಮುಂದೆ ಬರಲಿರುವ ವಿಪತ್ತಿನ ಮುನ್ಸೂಚನೆಯೂ ಆಗಬಹುದು. 2018ರಲ್ಲಿ ಬ್ರಿಟನ್ನಿನ ಸಂಶೋಧಕರು 91 ಸಾವಿರಕ್ಕೂ ಅಧಿಕ ಜನರ ಮಣಿಕಟ್ಟಿಗೆ ಒಂದು ವಾರ ಕಟ್ಟಿದ್ದ ಚಲನಮಾಪಕಗಳ ಮಾಹಿತಿಯನ್ನು ವಿಶ್ಲೇಷಿಸಿದರು. ಯಾರ ಹಗಲು ಮತ್ತು ರಾತ್ರಿಯ ನಡುವಣ ವ್ಯತ್ಯಾಸವು ಮಸುಕಾಗಿತ್ತೋ, ಅಂದರೆ ಹಗಲಿನಲ್ಲಿ ಓಡಾಟ ಕಡಿಮೆ, ರಾತ್ರಿಯಲ್ಲಿ ಹೊರಳಾಟ ಹೆಚ್ಚು ಇತ್ತೋ, ಅವರಲ್ಲಿ ಖಿನ್ನತೆಯ ಪ್ರಮಾಣ ಹೆಚ್ಚಿತ್ತು, ಒಂಟಿತನದ ಭಾವವೂ ಹೆಚ್ಚಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಎಂಬುದನ್ನು ಈ ಅಧ್ಯಯನವು ಇತ್ಯರ್ಥಗೊಳಿಸುವುದಿಲ್ಲ. ಅದನ್ನು ಆ ಸಂಶೋಧಕರೂ ಮರೆಮಾಚಿಲ್ಲ.

ಇವೆಲ್ಲ ಬ್ರಿಟನ್, ಅಮೆರಿಕದ ಮಾತಾಯಿತು, ನಮಗೇಕೆ ಎಂದು ಕೇಳುವವರು ಒಮ್ಮೆ ಭದ್ರಾವತಿಗೆ ಹೋಗಿಬರಲಿ. ಶಿವಮೊಗ್ಗದಿಂದ ಸುಮಾರು 20 ಕಿಲೋಮೀಟರ್. ಆ ಊರು ಬೆಳೆದದ್ದೇ ಪಾಳಿಯ ಲೆಕ್ಕದಲ್ಲಿ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ. ಮನೆಯ ಒಲೆ ಹೊತ್ತುವ ಸಮಯ, ಮಕ್ಕಳು ಸದ್ದು ಮಾಡದೆ ಆಡಬೇಕಾದ ಸಮಯ, ಪೇಟೆಗೆ ಹೋಗುವ ಸಮಯ - ಎಲ್ಲವನ್ನೂ ಕಾರ್ಖಾನೆಯೇ ನಿರ್ಧರಿಸುತ್ತಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯೇ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಈ ಎರಡರ ಆಶ್ರಯದಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತರೆನ್ನದೆ ಕರ್ನಾಟಕ, ತಮಿಳುನಾಡು, ಆಂಧ್ರಗಳಿಂದ ಬಂದ ಕುಟುಂಬಗಳು ಮೂರು ತಲೆಮಾರು ಬದುಕಿದವು. 2015ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನವನ್ನು ಸೈಲ್ ಪ್ರಕಟಿಸಿತು. ಸಾವಿರಕ್ಕೂ ಹೆಚ್ಚು ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ಚಾಲನೆ ಪಡೆದವು. ಆದರೆ ನಾಳೆ ಏನೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಕೆಲಸ ಹೋದಾಗ ಸಂಬಳ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಅದರೊಂದಿಗೆ ದಿನದ ಚೌಕಟ್ಟೂ ಹೋಗುತ್ತದೆಂಬುದನ್ನು ಯಾವ ರಾಜಕಾರಣಿಯೂ ಹೇಳಲಿಲ್ಲ, ಯಾವ ಪರಿಹಾರದ ಲೆಕ್ಕದಲ್ಲೂ ಅದು ಸೇರಲಿಲ್ಲ. 1988ರಲ್ಲಿ ಎಲರ್ಸ್, ಫ್ರ್ಯಾಂಕ್ ಮತ್ತು ಕುಫರ್ ಎಂಬ ತಜ್ಞರು ಒಂದು ವಾದವನ್ನು ಮುಂದಿಟ್ಟರು. ನಮ್ಮ ದೇಹದೊಳಗಿನ ಗಡಿಯಾರಕ್ಕೆ ಸೂರ್ಯನ ಬೆಳಕು ಕೀಲಿ ಕೊಡುತ್ತದೆ. ಅದರಂತೆಯೇ ಏಳುವ ಹೊತ್ತು, ಉಣ್ಣುವ ಹೊತ್ತು, ಕೆಲಸಕ್ಕೆ ಹೊರಡುವ ಹೊತ್ತು, ಜೊತೆಗಾರರ ಭೇಟಿ ಮುಂತಾದ ಸಾಮಾಜಿಕ ಕಟ್ಟಳೆಗಳೂ ಕೀಲಿ ಕೊಡುತ್ತವೆ. ಸಾವು, ವಿಚ್ಛೇದನ, ಉದ್ಯೋಗನಷ್ಟದಂತಹ ಆಘಾತಗಳು ಈ ಕಟ್ಟಳೆಗಳನ್ನು ಮುರಿಯುತ್ತವೆ. ಆಗ ದುರ್ಬಲರಾದವರ ದೇಹದ ಲಯ ತಪ್ಪುತ್ತದೆ, ನಿದ್ದೆ ಚದುರುತ್ತದೆ, ಅಲ್ಲಿಂದ ಖಿನ್ನತೆಗೆ ದಾರಿ ತೆರೆಯುತ್ತದೆ. ಒಂದು ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಸಿಕೊಳ್ಳುವ ಅಗತ್ಯವೇ ಇಲ್ಲವೆಂದು ಅರಿವಾದ ಐವತ್ತರ ಕಾರ್ಮಿಕನಿಗೆ ಈ ವಾದವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಮೊದಲ ತಿಂಗಳು ಅವನು ಮಾಮೂಲಿ ಹೊತ್ತಿಗೇ ಎದ್ದು ಬಸ್ ನಿಲ್ದಾಣದವರೆಗೆ ನಡೆಯುತ್ತಾನೆ. ಆಮೇಲೆ ಗಲ್ಲಿಯ ತಿರುವಿನವರೆಗೆ ಮಾತ್ರ. ಆಮೇಲೆ ಜಗಲಿ. ಕೊನೆಗೆ ಮಂಚ. ಅವನ ಲೋಕ ಹೀಗೆ ಗಜಗಜವಾಗಿ ಕಿರಿದಾಗುತ್ತಿರುವುದನ್ನು ಹೆಂಡತಿ ಕಾಣುತ್ತಾಳೆ, ಹೇಳಲು ಪದವಿಲ್ಲ. ಏನೋ ಒಂಥರಾ ಆಗಿದ್ದಾರೆ ಎನ್ನುತ್ತಾಳೆ. ಆ ಒಂದು ಮಾತನ್ನು ನಾವು ಗಂಭೀರವಾಗಿ ಪರಿಗಣಿಸಿದ್ದರೆ ಎಷ್ಟು ಮನೆಗಳು ಉಳಿಯುತ್ತಿದ್ದವೋ.

ಶಿವಮೊಗ್ಗ ನಗರದ ಕಥೆ ಸ್ವಲ್ಪ ಬೇರೆ. 2022ರ ಫೆಬ್ರವರಿಯಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ, ಮತ್ತೆ 2023ರ ಅಕ್ಟೋಬರ್‌ನಲ್ಲಿ ಈ ನಗರವು ಹಿಂಸೆಯನ್ನೂ ನಿಷೇಧಾಜ್ಞೆಯನ್ನೂ ಕಂಡಿತು. ತಪ್ಪು ಯಾರದೆಂಬ ವಾದವನ್ನು ಬೇರೆ ಪುಟಗಳಿಗೆ ಬಿಡೋಣ. ಅಂಗಡಿ ಮುಚ್ಚಿದ, ಶಾಲೆಗೆ ರಜೆ ಘೋಷಿಸಿದ, ಬೂಟಿನ ಸದ್ದಿಗೆ ಕಿವಿಗೊಟ್ಟು ಎಚ್ಚರವಾಗಿದ್ದ ಆ ರಾತ್ರಿಗಳು ಎರಡೂ ಸಮುದಾಯಗಳ ತಾಯಂದಿರ ಮತ್ತು ಮಕ್ಕಳ ನಿದ್ದೆಯನ್ನು ಕಸಿದವು. ಗಲಭೆಯ ಬಳಿಕ ಸುಟ್ಟ ವಾಹನಗಳನ್ನು ಎಣಿಸಲಾಗುತ್ತದೆ. ಕೆಟ್ಟ ನಿದ್ದೆಯನ್ನು ಯಾವ ಅಧಿಕಾರಿಯೂ ಎಣಿಸುವುದಿಲ್ಲ.

ಇಲ್ಲಿ ನಾವು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೊದಲಿನಿಂದ ಮಸೀದಿಯ ಸಾಲು, ಅಂಗಡಿಯ ಬಾಗಿಲು, ಕಾರ್ಖಾನೆಯ ಪಾಳಿ ಎಂದೆಲ್ಲ ಬರೆಯುತ್ತಾ ಬಂದೆವು. ಇವೆಲ್ಲ ಗಂಡಸರ ಲೋಕ. ಹೆಣ್ಣಿನ ಗೈರುಹಾಜರಿಯನ್ನು ಯಾವ ಸಾಲು ತೋರಿಸುತ್ತದೆ? ಅವಳು ಮನೆಯಲ್ಲೇ ಇರುವವಳೆಂದು ನಿರ್ಧರಿಸಿಯಾಗಿದೆ. ಆದುದರಿಂದ ಅವಳು ಹೊರಬರುವುದನ್ನು ನಿಲ್ಲಿಸಿದರೆ ಅದು ಸುದ್ದಿಯಾಗುವುದಿಲ್ಲ, ಬದಲಾಗಿ ಸಂಭಾವಿತಳೆಂಬ ಬಿರುದು ಸಿಗುತ್ತದೆ. ಅವಳಿಗೆ ಮಲಗಿಬಿಡುವ ಅನುಕೂಲವೂ ಇಲ್ಲ. ನಿದ್ದೆಯಿರಲಿ ಇಲ್ಲದಿರಲಿ, ಅಡುಗೆ ಆಗಲೇಬೇಕು, ಹಿರಿಯರ ಮದ್ದಿನ ಹೊತ್ತು ತಪ್ಪಬಾರದು, ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುವವಳಾದರೆ ಅದೂ ನಡೆಯಬೇಕು. ಅವಳ ಖಿನ್ನತೆಯನ್ನು ಅಡುಗೆಮನೆಯಲ್ಲಿಯೇ ಓದಬೇಕು. ಒಂದು ತಾಸಿನ ಕೆಲಸಕ್ಕೆ ಮೂರು ತಾಸು ಹಿಡಿಯುತ್ತಿದೆ. ಮೂರು ದಿನಗಳಿಂದ ತಲೆ ಬಾಚಿಲ್ಲ. ನೆರೆಮನೆಯವಳೊಂದಿಗೆ ಬೇಲಿಯ ಬಳಿ ನಿಂತು ಮಾತಾಡುವುದು ನಿಂತಿದೆ. ಹೆರಿಗೆಯಾಗಿ ತಿಂಗಳಾದವಳು ಮಗು ನಿದ್ರಿಸಿದಾಗಲೂ ನಿದ್ರಿಸಲಾರದೆ ತೊಟ್ಟಿಲನ್ನೇ ದಿಟ್ಟಿಸುತ್ತಿದ್ದಾಳೆ. ಈ ಕೊನೆಯದಂತೂ ಒಂದು ದಿನವೂ ಕಡೆಗಣಿಸಬಾರದ ಲಕ್ಷಣ. ಆದರೆ ನಮ್ಮ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರವೇನು? ನಾವು ಎಂಟು ಹೆತ್ತಿಲ್ಲವೇ ಎಂಬ ಅತ್ತೆಯ ಪ್ರಶ್ನೆ. ಮತ್ತೆ ತಾಯತ.

ತಾಯತದ ಮಾತು ಬಂದುದರಿಂದ ಹೇಳಲೇಬೇಕು. ನಿದ್ದೆಯಿಲ್ಲದವನಿಗೆ ಜಿನ್ನ್ ಹಿಡಿದಿದೆ, ಮಾತು ನಿಂತವಳಿಗೆ ಯಾರೋ ಸಿಹ್ರ್ ಮಾಡಿದ್ದಾರೆ ಎಂದು ಹೇಳಿ ಸಾವಿರಾರು ರೂಪಾಯಿ ಕೀಳುವ ದಂಧೆಯು ನಮ್ಮ ಕಣ್ಣೆದುರೇ ನಡೆಯುತ್ತಿದೆ. ಧರ್ಮದ ಹೆಸರಿನಲ್ಲಿ ನಡೆಯುವ ಈ ವ್ಯಾಪಾರವನ್ನು ಖಂಡಿಸಲು ನಾಲಿಗೆ ಹೊರಳದ ಜಮಾಅತ್‌ಗಳು, ಮದುವೆಯಲ್ಲಿ ಎಷ್ಟು ಬಗೆಯ ಪದಾರ್ಥ ಬಡಿಸಬಾರದೆಂದು ಮಾತ್ರ ಸಭೆ ಸೇರಿ ಚರ್ಚಿಸುತ್ತವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಏನು ನಡೆಯಿತೆಂಬುದು ನೆನಪಿದೆಯೇ? ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಆಶ್ರಯತಾಣಗಳಲ್ಲೊಂದಕ್ಕೆ ಮುಂಜಾನೆ ಬೆಂಕಿ ಬಿತ್ತು. ಗುಣವಾಗಲೆಂದು ಮನೆಯವರು ಬಿಟ್ಟುಹೋಗಿದ್ದ ಮಾನಸಿಕ ರೋಗಿಗಳನ್ನು ಸರಪಳಿಯಿಂದ ಕಟ್ಟಿಹಾಕಲಾಗಿತ್ತು. ಓಡಲಾಗದೆ 28 ಜೀವಗಳು ಬಲಿಯಾದವು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಗೆ ಸರಪಳಿ ಬಿಗಿಯುವುದನ್ನು ನಿಷೇಧಿಸಿದೆ. ಕಬ್ಬಿಣದ ಸರಪಳಿಯೇನೋ ಕಾನೂನಿನಿಂದ ಹೋಗಬಹುದು. ವಿಶ್ವಾಸವಿಲ್ಲದವನಿಗೆ ಮಾತ್ರ ಬರುವ ರೋಗವೆಂಬ ಮಾತಿನ ಸರಪಳಿಯನ್ನು ಬಿಚ್ಚಬೇಕಾದವರು ಮಿಂಬರ್‌ನಲ್ಲಿ ನಿಲ್ಲುವವರು.

ವಿಶ್ವಾಸಿಗೆ ಈ ರೋಗ ಬರುವುದಿಲ್ಲವೆಂದು ವಾದಿಸುವ ಮಾನ್ಯರಲ್ಲಿ ನಮ್ಮದೊಂದು ಪ್ರಶ್ನೆಯಿದೆ. ಪ್ರವಾದಿ ಯಾಕೂಬ್(ಅ)ರು ಮಗನ ಅಗಲಿಕೆಯ ದುಃಖದಲ್ಲಿ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡುದನ್ನು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅದನ್ನು ವಿಶ್ವಾಸದ ಕೊರತೆಯೆಂದು ಹೇಳಲು ನಿಮಗೆ ಧೈರ್ಯವಿದೆಯೇ? ಪತ್ನಿ ಖದೀಜ(ರ) ಮತ್ತು ಚಿಕ್ಕಪ್ಪ ಅಬೂತಾಲಿಬ್‌ರನ್ನು ಪ್ರವಾದಿ ಮುಹಮ್ಮದ್(ಸ)ರು ಕಳೆದುಕೊಂಡ ವರ್ಷವನ್ನು ಇತಿಹಾಸಕಾರರು ದುಃಖದ ವರ್ಷವೆಂದೇ ಕರೆದರು. ದುಃಖವೆಲ್ಲ ರೋಗವಲ್ಲ, ನಿಜ. ಆದರೆ ದುಃಖಿಸುವವನನ್ನು ಗದರಿಸುವ ಪರಂಪರೆ ನಮ್ಮದಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯಿರೆಂದು ಪ್ರವಾದಿಯವರು ಆದೇಶಿಸಿದಾಗ ಮನಸ್ಸಿನ ರೋಗವನ್ನು ಹೊರಗಿಟ್ಟಿರಲಿಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂಝೈದ್ ಅಲ್ ಬಲ್ಖಿಯವರು ದೇಹ ಮತ್ತು ಆತ್ಮಗಳ ಆರೋಗ್ಯವನ್ನು ಕುರಿತ ತಮ್ಮ ಗ್ರಂಥದಲ್ಲಿ ಖಿನ್ನತೆಯನ್ನು ಎರಡಾಗಿ ವಿಂಗಡಿಸಿದ್ದರು. ಗೊತ್ತಿರುವ ಕಾರಣದಿಂದ, ಅಂದರೆ ನಷ್ಟ, ಅಗಲಿಕೆಗಳಿಂದ ಉಂಟಾಗುವುದು ಒಂದು. ಕಾರಣವೇ ತಿಳಿಯದೆ ಆವರಿಸುವುದು ಇನ್ನೊಂದು. ಈ ಎರಡನೆಯದರ ಮೂಲ ದೇಹದಲ್ಲಿದೆಯೆಂದೂ ಅದಕ್ಕೆ ದೇಹದ ಚಿಕಿತ್ಸೆ ಬೇಕೆಂದೂ ಅವರು ಅಭಿಪ್ರಾಯಪಟ್ಟಿದ್ದರು. ಸಾವಿರ ವರ್ಷಗಳ ಹಿಂದೆ ಬಲ್ಖ್‌ನವರಿಗೆ ತಿಳಿದಿದ್ದುದು ಇಂದು ಶಿವಮೊಗ್ಗದವರಿಗೆ ತಿಳಿಯಬಾರದೇಕೆ?

ನಮಾಝ್ ಮನಸ್ಸಿಗೆ ಶಾಂತಿ ನೀಡುವುದಿಲ್ಲವೇ, ವೈದ್ಯರೇಕೆ ಎಂದು ಕೆಲವರು ಕೇಳುತ್ತಾರೆ. ನೀಡುತ್ತದೆ. ದಿನಕ್ಕೆ ಐದು ಬಾರಿ ಎದ್ದು, ಕೈಕಾಲು ತೊಳೆದು, ನಡೆದು ಹೋಗಿ, ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವುದಕ್ಕಿಂತ ಉತ್ತಮವಾದ ದಿನಚರಿಯ ಕೀಲಿ ಇನ್ನೇನಿದೆ? ಆದರೆ ಈ ರೋಗವು ಮೊದಲು ಕಸಿಯುವುದೇ ಆ ಎದ್ದು ನಡೆಯುವ ಶಕ್ತಿಯನ್ನು. ಕಾಲು ಮುರಿದವನಿಗೆ ನಡೆದರೆ ಕಾಲು ಗಟ್ಟಿಯಾಗುತ್ತದೆಂದು ಉಪದೇಶಿಸುವವನನ್ನು ನಾವು ಏನೆಂದು ಕರೆಯುತ್ತೇವೆ?

ಒಂದು ಎಚ್ಚರಿಕೆಯನ್ನೂ ಹೇಳಿಬಿಡಬೇಕು, ಇಲ್ಲವಾದರೆ ನಾಳೆಯಿಂದ ಮೊಹಲ್ಲಾದಲ್ಲಿ ಎಲ್ಲರೂ ಎಲ್ಲರ ನಿದ್ದೆಯನ್ನು ಅಳೆಯಲಾರಂಭಿಸುತ್ತಾರೆ! ರಮಝಾನ್‌ನಲ್ಲಿ ಎಲ್ಲರ ನಿದ್ದೆಯೂ ಬದಲಾಗುತ್ತದೆ. ರಾತ್ರಿ ಪಾಳಿಯವನು ಹಗಲು ಮಲಗಲೇಬೇಕು. ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆಗಳೂ ಮನುಷ್ಯನನ್ನು ಮಂಚಕ್ಕೆ ಅಂಟಿಸುತ್ತವೆ. ನೋಡಬೇಕಾದುದು ನೆರೆಯವನೊಂದಿಗಿನ ಹೋಲಿಕೆಯನ್ನಲ್ಲ, ಅವನದೇ ಹಿಂದಿನ ದಿನಚರಿಯಿಂದ ಅವನು ಎಷ್ಟು ಸರಿದಿದ್ದಾನೆ ಎಂಬುದನ್ನು. ಆ ಸರಿತವು ಎರಡು ವಾರ ಮೀರಿ ಮುಂದುವರಿದರೆ, ಜೊತೆಗೆ ಆಸಕ್ತಿ ಬತ್ತಿದ್ದರೆ, ಹಸಿವು ಕೆಟ್ಟಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಖಿನ್ನತೆ ಹೌದೋ ಅಲ್ಲವೋ ಎಂದು ನಿರ್ಧರಿಸುವುದು ವೈದ್ಯರ ಕೆಲಸ. ಸಾಯುವ ಮಾತು ಬಾಯಿಂದ ಬಂದಿದ್ದರೆ ಎರಡು ವಾರವಲ್ಲ, ಎರಡು ತಾಸೂ ಕಾಯಬಾರದು.

ಇನ್ನು ಸರಕಾರಕ್ಕೂ ವ್ಯಾಪಾರಿಗಳಿಗೂ ಹೇಳಬೇಕಾದುದಿದೆ. ಕೈಗಡಿಯಾರವು ನಿದ್ದೆಯನ್ನು ಅಳೆಯುತ್ತದೆ, ಮೊಬೈಲ್ ಫೋನು ಹೆಜ್ಜೆಯನ್ನು ಎಣಿಸುತ್ತದೆ, ಇವುಗಳಿಂದಲೇ ಖಿನ್ನತೆಯನ್ನು ಮೊದಲೇ ಪತ್ತೆಹಚ್ಚುತ್ತೇವೆ ಎಂಬ ಪ್ರಚಾರ ಜೋರಾಗಿದೆ. 2015ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಎರಡು ವಾರ ಜನರ ಫೋನುಗಳಿಂದ ಓಡಾಟದ ಮಾಹಿತಿ ಪಡೆದು, ಮನೆಯಲ್ಲೇ ಉಳಿದವರಲ್ಲಿ ಮತ್ತು ದಿನಚರಿಯ ಲಯ ತಪ್ಪಿದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚೆಂದು ತೋರಿಸಿದ್ದರು. ವಿಶ್ಲೇಷಣೆಗೆ ದೊರೆತದ್ದು 28 ಮಂದಿಯ ಮಾಹಿತಿ ಮಾತ್ರ. ಅಷ್ಟರಿಂದ ಇಡೀ ಜಗತ್ತಿನ ಮನಸ್ಸನ್ನು ಓದಿಬಿಟ್ಟೆವೆನ್ನುವುದು ಜಾಹೀರಾತು, ವಿಜ್ಞಾನವಲ್ಲ. ಅಲ್ಲದೇ, ನಮ್ಮ ನಿದ್ದೆಯ ಲೆಕ್ಕ ಕಂಪೆನಿಯ ಕೈಗೆ ಹೋದ ಬಳಿಕ ಅದು ಮಾಲಕನ ಮೇಜಿಗೂ ವಿಮೆಯವನ ಕಡತಕ್ಕೂ ಹೋಗದೆಂಬುದಕ್ಕೆ ಖಾತರಿಯೇನು? ಹೆಜ್ಜೆ ಕಡಿಮೆಯಾದವನನ್ನು ಚಿಕಿತ್ಸೆಗೆ ಕಳುಹಿಸುತ್ತಾರೋ ಮನೆಗೆ ಕಳುಹಿಸುತ್ತಾರೋ?

ಪತ್ತೆ ಹಚ್ಚುವುದು ನಮ್ಮ ಕೊರತೆಯೇ ಅಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 20 ಭಾರತೀಯರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಗುರಿಯಾಗುತ್ತಾರೆ. ಖಿನ್ನತೆ, ಆತಂಕದಂತಹ ಸಾಮಾನ್ಯ ಮಾನಸಿಕ ರೋಗಗಳಿರುವ 100ರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗೆ ದೇಶಕ್ಕೆ ಮಾದರಿ ತೋರಿಸಿದ್ದೇ ಕರ್ನಾಟಕ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಶಿವಮೊಗ್ಗಕ್ಕಂತೂ ಈ ವಿದ್ಯೆ ಹೊಸದಲ್ಲ. 2016ರಲ್ಲಿ ನಿಧನರಾದ ಡಾ. ಅಶೋಕ್ ಪೈಯವರು ಇದೇ ನಗರದಲ್ಲಿ ದಶಕಗಳ ಕಾಲ ಚಿಕಿತ್ಸೆ ನೀಡಿ, 'ಕಾಡಿನ ಬೆಂಕಿ'ಯಂತಹ ಚಲನಚಿತ್ರದ ಮೂಲಕವೂ ಮನೋರೋಗದ ಕುರಿತ ಅಂಜಿಕೆಯನ್ನು ಹೋಗಲಾಡಿಸಲು ಶ್ರಮಿಸಿದರು. ಮೆಗ್ಗಾನ್ ಆಸ್ಪತ್ರೆ ನಗರದ ನಡುವೆಯೇ ಇದೆ. ಹಾಗಿದ್ದೂ ಮನೋವೈದ್ಯರ ಬಳಿಗೆ ಹೋಗುವುದೆಂದರೆ ಹುಚ್ಚನೆಂಬ ಹಣೆಪಟ್ಟಿ ಅಂಟಿಸಿಕೊಳ್ಳುವುದೆಂದೇ ನಾವು ಭಾವಿಸಿದ್ದೇವೆ. ಮಗಳ ಮದುವೆಗೆ ತೊಂದರೆಯಾದೀತೆಂದು ತಂದೆ ಮಾತ್ರೆಯನ್ನು ಬಚ್ಚಿಟ್ಟು ನುಂಗುತ್ತಾರೆ. ನಾಲ್ಕು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುತ್ತಾರೆ. ಈ ಮದ್ದುಗಳು ಕೆಲಸ ಮಾಡಲು ವಾರಗಳೇ ಬೇಕು, ತಿಂಗಳುಗಟ್ಟಲೆ ಮುಂದುವರಿಸಬೇಕು, ಆರಂಭದ ವಾರಗಳಲ್ಲಿ ಮನೆಯವರು ಹತ್ತಿರವಿದ್ದು ನೋಡಿಕೊಳ್ಳಬೇಕು ಎಂದು ಅವರಿಗೆ ಬಿಡಿಸಿ ಹೇಳುವಷ್ಟು ಸಮಯ ಸರಕಾರಿ ಆಸ್ಪತ್ರೆಯ ಸರತಿಯಲ್ಲಿ ವೈದ್ಯರಿಗೆ ಸಿಗುವುದೇ? ಕಾರ್ಖಾನೆ ಮುಚ್ಚುವ ಆದೇಶಕ್ಕೆ ಸಹಿ ಹಾಕುವವರು ಆ ಊರಿಗೆ ಹೆಚ್ಚುವರಿ ಮನೋವೈದ್ಯರನ್ನೂ ಆಪ್ತಸಮಾಲೋಚಕರನ್ನೂ ನೇಮಿಸುವ ಆದೇಶಕ್ಕೂ ಸಹಿ ಹಾಕಬೇಕೆಂದು ಕೇಳುವ ಒಬ್ಬ ಶಾಸಕರೂ ನಮಗೆ ಬೇಡವೇ?

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಭದ್ರಾವತಿ ಮತ್ತು ಶಿವಮೊಗ್ಗದ ಮಸೀದಿ ಸಮಿತಿಗಳ ಮುಂದೆ ನಾವು ಒಂದು ಬೇಡಿಕೆಯನ್ನು ಇಡುತ್ತೇವೆ. ಸಾಲಿನಲ್ಲಿ ಒಬ್ಬರ ಜಾಗ ಒಂದು ವಾರ ಖಾಲಿಯಿದ್ದರೆ ಇಬ್ಬರು ಅವರ ಮನೆಗೆ ಹೋಗಲಿ. ಉಪದೇಶಕ್ಕಲ್ಲ, ಚಹಾ ಕುಡಿಯಲು. ನಮಾಝ್‌ಗೆ ಏಕೆ ಬರಲಿಲ್ಲವೆಂದು ಕೇಳದೆ, ರಾತ್ರಿ ನಿದ್ದೆ ಬರುತ್ತಿದೆಯೇ ಎಂದು ಕೇಳಲಿ. ಜೊತೆಯಲ್ಲಿ ಹೋಗಬಲ್ಲ ಹೆಣ್ಣುಮಕ್ಕಳಿದ್ದರೆ ಅವರು ಒಳಮನೆಯಲ್ಲಿ ಅದೇ ಪ್ರಶ್ನೆಯನ್ನು ಕೇಳಲಿ. ಬಸ್ ದರ, ಒಂದು ದಿನದ ಕೂಲಿ, ಮಾತ್ರೆಯ ಖರ್ಚು ಭರಿಸಲಾಗದ ಬಡವನಿಗೆ ಝಕಾತ್ ಸಲ್ಲುತ್ತದೆಂಬುದರಲ್ಲಿ ಯಾವ ವಿದ್ವಾಂಸರಿಗೂ ಭಿನ್ನಾಭಿಪ್ರಾಯವಿರಲಾರದು. ಸಮಿತಿಯ ಸೂಚನಾ ಫಲಕದಲ್ಲಿ ಚಂದಾ ಬಾಕಿದಾರರ ಹೆಸರುಗಳ ಮೇಲ್ಗಡೆ 14416 ಎಂಬ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆಯಿಸಲಿ. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲೂ ರಾತ್ರಿಯೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ಕರೆಗೆ ಹಣವಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗಿ ಮಸೀದಿಯ ಮೆಟ್ಟಿಲಿಗೆ ಬಂದು ಕುಳಿತವರಿಗೆ, ಬೀಗ ತೆರೆಯುವ ಮೊದಲು ಆ ಫಲಕವಾದರೂ ಕಾಣಿಸಲಿ.